ಹುಡುಗಿಯರು ರುಖಿಯಾ ಹತ್ತಿರವೇ ಹೋಗುತ್ತಿದ್ದರು

ಹೋದ ತಿಂಗಳು ಇಬ್ಬರು ಹೊಸ ಉಪನ್ಯಾಸಕಿಯರು ನಮ್ಮ ಮನೆಗೆ ಬಂದಿದ್ದರು. ಇಬ್ಬರನ್ನೂ ಕಾಲೇಜಿನ ಆಂತರಿಕ ದೂರು ಸಮಿತಿಗೆ ಹಾಕಿದ್ದಾರಂತೆ. ವಿದ್ಯಾರ್ಥಿನಿಯರ ಮೇಲೆ ಲೈಂಗಿಕ ದೌರ್ಜನ್ಯ ನಡೆದರೆ ದೂರು ತೆಗೆದುಕೊಂಡು ವಿಚಾರಣೆ ಮಾಡುವ ಸಮಿತಿ ಅದು. "ನೀವು ಇಷ್ಟು ವರ್ಷ ಅದರ ಅಧ್ಯಕ್ಷರಿದ್ರಿ. ಹ್ಯಾಂಗ ಮಾಡ್ಬೇಕು, ಒಂದಿಷ್ಟು ಬರದು ಕೊಡ್ರಿ ಮೇಡಂ" ಎಂದರು. ಕಾಯ್ದೆ ಏನು ಹೇಳುತ್ತದೆ ಎಂಬುದು ಸುತ್ತೋಲೆಯಲ್ಲಿ ಸಿಗುತ್ತದೆ. ಸುತ್ತೋಲೆಯಲ್ಲಿ ಸಿಗದ್ದನ್ನು ನಾನು ಬರೆಯುತ್ತೇನೆ. ಆ ಸಮಿತಿಯಲ್ಲಿದ್ದ ವರ್ಷಗಳಲ್ಲಿ ಬಹುಪಾಲು ನಾನು ಒಬ್ಬ ಅತಿಥಿ ಉಪನ್ಯಾಸಕಿಯ ಮೇಲೆ ಹೊಟ್ಟೆಕಿಚ್ಚು ಪಡುವುದರಲ್ಲಿ ಕಳೆದೆ. ಅದರ ಪೆಟ್ಟು ಅವಳಿಗಿಂತ ಮೊದಲು ಒಬ್ಬ ಹುಡುಗಿಗೆ ಬಿತ್ತು. ಸಮಿತಿಗೆ ಸೇರುವವರು ಮೊದಲು ತಿಳಿದುಕೊಳ್ಳಬೇಕಾದದ್ದು ಇದೇ ಎಂದು ನನಗೆ ಅನ್ನಿಸಿದೆ.

ಔರಾದ, ಭಾಲ್ಕಿ, ಬೀದರ್, ಮೂರೂ ಊರಲ್ಲಿ ಕಾಲೇಜುಗಳಿದ್ದ ಒಂದು ಸಂಸ್ಥೆಯಲ್ಲಿ ನಾನು ಇತಿಹಾಸ ಕಲಿಸಿದೆ. ಸಂಸ್ಥೆಯ ಹೆಸರು ಬೇಡ. ಹುಡುಗಿಯರ ಹೆಸರುಗಳನ್ನೂ ಬದಲಿಸಿದ್ದೇನೆ.

ಮೊದಲ ನೇಮಕ ಔರಾದಕ್ಕೆ. ಆಗ ಈ ಸಮಿತಿ ಇರಲಿಲ್ಲ, ಮಹಿಳಾ ಘಟಕ ಎಂದು ಒಂದಿತ್ತು. ಕಾಲೇಜಿನಲ್ಲಿ ನಾನೊಬ್ಬಳೇ ಹೆಂಗಸು, ಹಾಗಾಗಿ ಘಟಕವೆಂದರೆ ನಾನೇ. ಭಾಲ್ಕಿಯ ನಮ್ಮ ಓಣಿಯಲ್ಲಿ ಮೊದಲು ಎಂ.ಎ. ಮಾಡಿದ ಹೆಣ್ಣುಮಗಳು ನಾನು. ತಲೆ ತಗ್ಗಿಸಿ, ಪುಸ್ತಕ ಎದೆಗವಚಿಕೊಂಡು ನಡೆದರೆ ಯಾರೂ ಏನೂ ಮಾಡುವುದಿಲ್ಲ ಎಂದು ನಂಬಿ ಬೆಳೆದಿದ್ದೆ. ಅದನ್ನೇ ಹುಡುಗಿಯರಿಗೂ ಕಲಿಸಿದೆ. ದುಪಟ್ಟಾಕ್ಕೆ ಪಿನ್ನು, ಜೋರಾಗಿ ನಗಬಾರದು, ತರಗತಿ ಮುಗಿದ ಕೂಡಲೇ ಬಸ್ ಸ್ಟ್ಯಾಂಡು.

ಒಂದು ವರ್ಷ ಗ್ಯಾದರಿಂಗ್, ಅಂದರೆ ವಾರ್ಷಿಕೋತ್ಸವದ ದಿನ, ಕಮಲನಗರ ಕಡೆಯಿಂದ ಬರುತ್ತಿದ್ದ ಒಬ್ಬ ಹುಡುಗಿ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಳು. ಅರ್ಧ ಮರಾಠಿ, ಅರ್ಧ ಕನ್ನಡ ಅವಳದು; ಮೇಡಂಗೆ ಬಾಯಿ ಎನ್ನುವಳು, ಮೆಟ್ಟಿಲಿಗೆ ಜೀನಾ.

"ಬಾಯಿ, ಜೀನಾದಾಗ ನನ್ನ ಹಿಡ್ದರ್ರಿ" ಎಂದಳು. ಮೇಲಿನ ಸಭಾಂಗಣಕ್ಕೆ ಹೋಗುವ ಮೆಟ್ಟಿಲ ಮೇಲೆ, ನೂಕುನುಗ್ಗಲಿನಲ್ಲಿ, ಮೂವರು ಹುಡುಗರು ಅವಳನ್ನು ಗೋಡೆಗೆ ಒತ್ತಿ ಹಿಡಿದು ಮೈಮೇಲೆ ಕೈ ಹಾಕಿದ್ದರು.

ನಾನು ಕೇಳಿದ ಮೊದಲ ಮಾತು ಇದು: "ಅಷ್ಟು ಗದ್ದಲದಾಗ ಒಬ್ಬಾಕಿ ಯಾಕ ಹೋಗಿದಿ?"

ಅವಳು "ತಪ್ಪಾತ್ರಿ" ಎಂದು ಹೇಳಿ ಹೋದಳು. ಮರುವಾರ ನಾನೊಂದು ನಿಯಮ ಮಾಡಿದೆ: ಹುಡುಗಿಯರು ಆ ಜೀನಾ ಹತ್ತಬಾರದು, ಹಿಂದಿನದರಿಂದಲೇ ಹೋಗಬೇಕು. ಆ ಮೂವರು ಹುಡುಗರಿಗೆ ಯಾವ ನಿಯಮವನ್ನೂ ಮಾಡಲಿಲ್ಲ, ಅವರು ಯಾರೆಂದು ಕೇಳಲೂ ಇಲ್ಲ. ಪ್ರಾಚಾರ್ಯರು ಸಭೆಯಲ್ಲಿ ನನ್ನ ಶಿಸ್ತನ್ನು ಹೊಗಳಿದರು. ರಜೆ ಮುಗಿದ ಮೇಲೆ ಆ ಹುಡುಗಿ ಬರಲಿಲ್ಲ. ಮದುವೆ ಮಾಡಿಕೊಟ್ಟರಂತೆ. ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮೇಲೆ ಗೆರೆ ಎಳೆದು ಮುಂದಿನ ಹೆಸರು ಕೂಗಿದೆ.

ಭಾಲ್ಕಿಗೆ ವರ್ಗವಾಗಿ ಬಂದಾಗ ಹೊಸ ಕಾಯ್ದೆ ಬಂದಿತ್ತು. ನಾನು ಹಿರಿಯಳೆಂದು ಸಮಿತಿಗೆ ಅಧ್ಯಕ್ಷೆ ಮಾಡಿದರು. ಬಾಗಿಲ ಮೇಲೆ ನನ್ನ ಹೆಸರಿನ ಹಲಗೆ, ಗೋಡೆಗೆ ಬೀಗ ಹಾಕಿದ ದೂರು ಪೆಟ್ಟಿಗೆ. ಪೆಟ್ಟಿಗೆ ಇದ್ದದ್ದು ಪ್ರಾಚಾರ್ಯರ ಕೋಣೆಯ ಎದುರಿಗೆ, ಜವಾನರು ದಿನವಿಡೀ ಕೂರುವ ಬೆಂಚಿನ ಮೇಲೆ. ವರ್ಷದ ಕೊನೆಗೆ ತೆರೆದರೆ ಒಳಗೆ ಏನೂ ಇರುತ್ತಿರಲಿಲ್ಲ. ದೂರುಗಳ ಸಂಖ್ಯೆ ಸೊನ್ನೆ ಎಂದು ವರದಿ ಕಳಿಸುತ್ತಿದ್ದೆ.

"ಸೊನ್ನೆ ಅಂದ್ರ ನಮ್ಮ ಕಾಲೇಜಿಗಿ ಶಾನ್ ಅದ ರಿ ಮೇಡಂ" ಎನ್ನುತ್ತಿದ್ದರು ಪ್ರಾಚಾರ್ಯರು. ಅದು ನನ್ನ ಶಿಸ್ತಿನ ಫಲ ಎಂದು ನಾನೂ ನಂಬಿದ್ದೆ.

ಆಗ ಬಂದವಳು ರುಖಿಯಾ. ಬೀದರಿನ ಚಿದ್ರಿಯವಳು, ದಿನಾ ಬಸ್ಸಿಗೆ ಬಂದು ಹೋಗುವವಳು. ಮನೆಯಲ್ಲಿ ದಖನಿ ಉರ್ದು, ಕಾಲೇಜಿನಲ್ಲಿ ಕನ್ನಡ ಕಲಿಸುವ ಅತಿಥಿ ಉಪನ್ಯಾಸಕಿ. ವಯಸ್ಸಿನಲ್ಲಿ ನನಗಿಂತ ಬಹಳ ಚಿಕ್ಕವಳು. ಅತಿಥಿಗಳಿಗೆ ಸ್ಟಾಫ್ ರೂಮಿನಲ್ಲಿ ಕುರ್ಚಿ ಇರಲಿಲ್ಲ. ಗ್ರಂಥಾಲಯದಲ್ಲಿ ಹಳೆಯ ಮಾಸಿಕಗಳ ಕಪಾಟಿನ ಹಿಂದೆ ಒಂದು ಸ್ಟೂಲ್ ಹಾಕಿಕೊಂಡು ಕೂರುತ್ತಿದ್ದಳು. ಬಂದು ಒಂದೂವರೆ ತಿಂಗಳಿಗೆ ಆ ಕಪಾಟಿನ ಹಿಂದೆ ನಾಲ್ಕಾರು ಹುಡುಗಿಯರು ಇಲ್ಲದ ಹೊತ್ತೇ ಇರಲಿಲ್ಲ.

ಮೊದಲು ನನಗೆ ಅದು ಬರೀ ಗದ್ದಲವಾಗಿ ಕಂಡಿತು. ಆಮೇಲೆ ನಾನು ಕಾರಣವಿಲ್ಲದೆ ಗ್ರಂಥಾಲಯಕ್ಕೆ ಹೋಗತೊಡಗಿದೆ. ನಾನು ಒಳಗೆ ಕಾಲಿಟ್ಟ ಕೂಡಲೇ ಮಾತು ನಿಲ್ಲುತ್ತಿತ್ತು. ಹುಡುಗಿಯರು ಎದ್ದು ನಿಂತು "ನಮಸ್ಕಾರ್ರಿ ಮೇಡಂ" ಎನ್ನುತ್ತಿದ್ದರು. ನಾನು ಹೊರಬಿದ್ದ ಮೇಲೆ ಮಾತು ಮತ್ತೆ ಶುರುವಾಗುವುದು ವರಾಂಡಾದ ತನಕ ಕೇಳಿಸುತ್ತಿತ್ತು. ಶಿಕ್ಷಕರ ದಿನಾಚರಣೆಗೆ ನನಗೆ ಪ್ರತಿವರ್ಷ ಶಾಲು ಮತ್ತು ಪೆನ್ನು. ಅವಳಿಗೆ ಮಡಚಿದ ಕಾಗದಗಳು, ಹುಡುಗಿಯರೇ ಕೈಯಾರೆ ಬರೆದವು. ಅವಳು ಓದುತ್ತ ಒಮ್ಮೆ ಕಣ್ಣೊರೆಸಿಕೊಂಡದ್ದನ್ನು ನೋಡಿದೆ. ಆ ಕಾಗದದಲ್ಲಿ ಏನಿತ್ತು ಎಂಬ ಯೋಚನೆ ವಾರಗಟ್ಟಲೆ ನನ್ನನ್ನು ಕೊರೆಯಿತು. ಇಪ್ಪತ್ತು ವರ್ಷ ಕಲಿಸಿದ್ದೆ. ಚಿನ್ನದ ಪದಕ ಗೆದ್ದ ಮೂವರು ಹುಡುಗಿಯರನ್ನು ತಯಾರು ಮಾಡಿದ್ದೆ. ಒಬ್ಬಳೂ ನನಗೆ ಒಂದು ಸಾಲು ಬರೆದಿರಲಿಲ್ಲ.

ಗ್ರಂಥಾಲಯದಲ್ಲಿ ಹರಟೆ ಹೆಚ್ಚಾಗಿದೆ ಎಂದು ಪ್ರಾಚಾರ್ಯರಿಗೆ ಹೇಳಿದೆ. ಮಧ್ಯಾಹ್ನದ ಹೊತ್ತು ಗ್ರಂಥಾಲಯ ಮುಚ್ಚಿಸಿದರು. ಹುಡುಗಿಯರು ನೀರಿನ ಟಾಕಿಯ ನೆರಳಿಗೆ ಹೋಗಿ ಕೂತರು, ಅವಳೂ ಅಲ್ಲೇ. ವೇಳಾಪಟ್ಟಿ ನನ್ನ ಕೈಯಲ್ಲಿತ್ತು. ಅವಳಿಗೆ ದಿನದ ಮೊದಲ ತರಗತಿ ಮತ್ತು ಕೊನೆಯ ತರಗತಿ ಹಾಕಿದೆ, ಬಸ್ಸಿನವಳಿಗೆ ಕಷ್ಟವಾಗಲಿ ಎಂದೇ. ಬೆಳಗಿನ ಬಸ್ಸು ಹಿಡಿದು ಬಂದಳು. ಕೊನೆಯ ತರಗತಿ ಮುಗಿಸಿ ಹುಡುಗಿಯರ ಜೊತೆ ಬಸ್ ಸ್ಟ್ಯಾಂಡಿಗೆ ನಡೆದು ಹೋಗತೊಡಗಿದಳು. ನಾನೇ ಅವಳಿಗೆ ಇನ್ನರ್ಧ ಗಂಟೆ ಹುಡುಗಿಯರನ್ನು ಒದಗಿಸಿಕೊಟ್ಟಂತಾಯಿತು.

ಎರಡನೆಯ ವರ್ಷ, ಪ್ರಾಯೋಗಿಕ ಪರೀಕ್ಷೆಗೆ ಮುಂಚೆ, ಅವಳು ಒಬ್ಬ ಹುಡುಗಿಯನ್ನು ನನ್ನ ಕೋಣೆಗೆ ಕರೆತಂದಳು.

"ಮೇಡಂರಿ, ಇಕಿ ಅಶ್ವಿನಿ. ಬಿ.ಎಸ್ಸಿ. ಎರಡ್ನೇ ವರ್ಷ, ಮೆಹಕರದಾಕಿ. ನಿಮಗ ಒಂದು ಮಾತು ಹೇಳ್ಬೇಕಂತ ಬಂದಾಳ."

"ನಿನಗ ಯಾವಾಗ ಹೇಳಿದಳು?" ಎಂದೆ.

"ನಿನ್ನಿ ಸಂಜಿಗಿ ರಿ."

"ನಿನಗ ನಿನ್ನಿ ಹೇಳ್ಯಾಳ. ಕಮಿಟಿಗಿ ಇವತ್ತ ಗೊತ್ತಾಗ್ಬೇಕು. ಕಮಿಟಿ ಯಾರದು, ನಿಂದೋ ನಂದೋ?"

ರುಖಿಯಾ ಹುಡುಗಿಯ ಬೆನ್ನ ಮೇಲೆ ಕೈಯಿಟ್ಟು "ಹೇಳವ್ವಾ" ಎಂದಳು. ಅಶ್ವಿನಿ ಹತ್ತೊಂಬತ್ತರ ಸಣಕಲು ಹುಡುಗಿ. ನೆಲ ನೋಡುತ್ತ ಹೇಳಿದಳು. ಸಸ್ಯಶಾಸ್ತ್ರದ ಉಪನ್ಯಾಸಕರು ಪ್ರಯೋಗದ ಜರ್ನಲ್‌ಗೆ ಸಹಿ ಮಾಡುತ್ತೇನೆಂದು ಮಾದರಿಗಳನ್ನಿಡುವ ಕೋಣೆಗೆ ಕರೆದಿದ್ದರು. ಒಳಗೆ ಹೋದ ಮೇಲೆ ಚಿಲಕ ಹಾಕಿದರು. ಬಾಯಿ ಮುಚ್ಚಿ ಗೋಡೆಗೆ ಒತ್ತಿ ಬಟ್ಟೆಗೆ ಕೈ ಹಾಕಿದರು. ಅವಳು ಒದ್ದಾಡಿದಾಗ ಕಪಾಟಿನ ಮೇಲಿನ ಗಾಜಿನ ಭರಣಿ ಬಿದ್ದು ಒಡೆಯಿತು. ಸಪ್ಪಳ ಕೇಳಿ ಹೊರಗೆ ಯಾರೋ ಬಾಗಿಲು ಬಡಿದರು, ಹಾಗಾಗಿ ಬಿಟ್ಟರು.

"ರುಖಿಯಾ, ನೀ ಹೊರಗ ನಿಂದ್ರು" ಎಂದೆ. ದೂರು ಗುಟ್ಟಾಗಿರಬೇಕು ಎಂಬುದು ನಿಯಮ. ಆದರೆ ಆಗ ನನ್ನ ಮನಸ್ಸಿನಲ್ಲಿದ್ದದ್ದು ನಿಯಮವಲ್ಲ. ಅವಳಿಲ್ಲದೆಯೂ ಈ ಹುಡುಗಿ ನನ್ನ ಜೊತೆ ಮಾತಾಡಬೇಕಿತ್ತು, ಅಷ್ಟೇ. ಅವಳು ಹೊರಗೆ ಹೋದಳು, ಹುಡುಗಿಯ ಬಾಯಿ ಕಟ್ಟಿತು. ಏನು ಕೇಳಿದರೂ ತಲೆ ಅಲ್ಲಾಡಿಸಿದಳು. ಕೊನೆಗೆ ಕಾಗದ ಕೊಟ್ಟು ಬರೆಯಲು ಹೇಳಿದೆ. ಅರ್ಧ ಪುಟ ಬರೆದು ಸಹಿ ಮಾಡಿದಳು. ಆ ಕಾಗದವನ್ನು ಡ್ರಾದಲ್ಲಿಟ್ಟು ಬೀಗ ಹಾಕಿದೆ.

ಆಮೇಲೆ ನಾನು ಮಾಡಿದ್ದನ್ನು ಯಾವ ಸಭೆಯಲ್ಲೂ ಹೇಳಿಲ್ಲ. ಸಂಜೆ ಪ್ರಾಚಾರ್ಯರ ಕೋಣೆಗೆ ಹೋದೆ. "ಆ ಗೆಸ್ಟ್ ಮೇಡಂ ಹುಡ್ಗೇರನ್ನ ಹಚ್ಚಿ ಕೊಡ್ಲತ್ತಾಳ ರಿ ಸರ್. ಹಿರಿಯರ ಮ್ಯಾಲ ಏನೇನೋ ಬರಸ್ಲತ್ತಾಳ" ಎಂದೆ. ಹಿರಿಯರೆಂದರೆ ಯಾರು ಎಂದು ಅವರು ಕೇಳಿದರು. ಹೇಳಿದೆ, ಬರೆದ ಹುಡುಗಿಯ ಹೆಸರನ್ನೂ ಹೇಳಿದೆ. ಮರುದಿನ ಬೆಳಿಗ್ಗೆ ಅವರು ಸಸ್ಯಶಾಸ್ತ್ರದವರನ್ನು ಕರೆಸಿಕೊಂಡರು. ಮಧ್ಯಾಹ್ನದ ಹೊತ್ತಿಗೆ ಅಶ್ವಿನಿಯ ಹೆಸರು ಇಡೀ ಕಾಲೇಜಿಗೆ ಗೊತ್ತಾಯಿತು. ವರಾಂಡಾದಲ್ಲಿ, ಎಲ್ಲರ ಎದುರಿಗೆ, ಆ ಮನುಷ್ಯ ಅವಳನ್ನು ನಿಲ್ಲಿಸಿ "ಏನವ್ವಾ, ಪಾಸಾಗೂದದ ಇಲ್ಲ?" ಎಂದು ನಕ್ಕನಂತೆ. ಹುಡುಗರು ಅವಳ ಹಿಂದೆ ಭರಣಿ ಒಡೆಯುವ ಸಪ್ಪಳ ಮಾಡತೊಡಗಿದರು. ನಾಲ್ಕನೆಯ ದಿನದಿಂದ ಅವಳು ಬರಲಿಲ್ಲ.

ವಾರ ಕಳೆದ ಮೇಲೆ, ಶನಿವಾರ, ರುಖಿಯಾ ನೇರವಾಗಿ ನನ್ನ ಮೇಜಿನ ಮುಂದೆ ಬಂದು ನಿಂತಳು. ಅವಳು ದನಿ ಏರಿಸಿದ್ದನ್ನು ಆವರೆಗೆ ನಾನು ಕೇಳಿರಲಿಲ್ಲ, ಅವತ್ತೂ ಏರಿಸಲಿಲ್ಲ.

"ಮೇಡಂರಿ, ನನ್ನ ಮ್ಯಾಲ ಸಿಟ್ಟಿದ್ರ ನನ್ನ ಮ್ಯಾಲ ತೀರಿಸ್ಕೋರಿ. ಆ ಪೋರಿ ನಿಮಗ ಏನ್ ಮಾಡ್ಯಾಳ?"

"ಯಾರಿಗಿ ಸಿಟ್ಟು? ನಿನ್ನ ಮ್ಯಾಲ ನನಗ್ಯಾಕ ಸಿಟ್ಟು?"

"ಅದು ನಿಮಗ ಗೊತ್ತಿರಬೇಕ್ರಿ. ನಾಳಿ ಐತವಾರ ಮೆಹಕರಕ್ಕ ಹೊಂಟೀನಿ. ಬರ್ತೀರಂದ್ರ ಬರ್ರಿ, ಇಲ್ಲಂದ್ರ ಬಿಡ್ರಿ."

ಮರುಕದಿಂದ ಹೋದೆ ಎಂದು ಬರೆದರೆ ಸುಳ್ಳಾಗುತ್ತದೆ. ಅವಳೊಬ್ಬಳೇ ಹೋಗಿ ಹುಡುಗಿಯನ್ನು ವಾಪಸ್ಸು ಕರೆತಂದರೆ ಆ ಹೆಸರೂ ಅವಳಿಗೇ ಹೋಗುತ್ತದಲ್ಲ ಎಂದು ಹೋದೆ. ಬಸ್ಸಿನಲ್ಲಿ ಒಂದೇ ಸೀಟಿನಲ್ಲಿ ಕೂತಿದ್ದೆವು.

ಅಶ್ವಿನಿಯ ಮನೆಯ ಅಂಗಳದಲ್ಲಿ ತೊಗರಿ ಹರವಿತ್ತು. ಅವಳು ಮೊರ ಹಿಡಿದು ಕೂತಿದ್ದಳು. ತಾಯಿ ನಮ್ಮಿಬ್ಬರಿಗೂ ಚಹಾ ಕೊಟ್ಟರು, ನನಗೆ ಕುರ್ಚಿ ಹಾಕಿದರು. ರುಖಿಯಾ ಕುರ್ಚಿಗೆ ಕಾಯಲಿಲ್ಲ, ಹುಡುಗಿಯ ಪಕ್ಕದಲ್ಲಿ ಕೂತು ತಾನೂ ತೊಗರಿ ಆರಿಸತೊಡಗಿದಳು. ಎದುರಿಗಲ್ಲ, ಪಕ್ಕಕ್ಕೆ. "ಉಂಡಿ ಏನವ್ವಾ?" ಎಂದು ಕೇಳಿದಳು. ಕಾಲೇಜಿನ ಮಾತೇ ಎತ್ತಲಿಲ್ಲ. ಎರಡು ಮೊರ ಆರಿಸಿದ ಮೇಲೆ ಹುಡುಗಿಯೇ ಬಾಯಿ ಬಿಟ್ಟಳು, ಆದರೆ ಮಾತಾಡಿದ್ದು ನನ್ನ ಕಡೆ ತಿರುಗಿ.

"ಮೇಡಂ, ನಾ ಮೊದಲೇ ನಿಮ್ಮ ಹತ್ರ ಯಾಕ ಬರ್ಲಿಲ್ಲಂತ ಅವತ್ತ ಸಿಟ್ಟಿಗೆದ್ರಿ. ಹೇಳ್ಲೇನ್ರಿ?"

"ಹೇಳು."

"ನಿಮಗ ಗೊತ್ತದಂತ ನಮಗೆಲ್ಲ ಗೊತ್ತಿತ್ರಿ. ಪೂಜಾ ಅಕ್ಕನ್ನ ನೀವು ನೋಡಿದ್ರಂತ."

ಇಲ್ಲಿಯವರೆಗೆ ಬರೆಯದೆ ಬಿಟ್ಟ ಒಂದು ಸಂಗತಿ ಇದೆ. ರುಖಿಯಾ ಬರುವುದಕ್ಕೆ ಒಂದು ವರ್ಷ ಮೊದಲು, ಪರೀಕ್ಷೆಯ ಮೇಲ್ವಿಚಾರಣೆಗೆ ಹೋಗುತ್ತಿದ್ದಾಗ, ಆ ಮಾದರಿಗಳ ಕೋಣೆಯ ಬಾಗಿಲು ತೆರೆದು ಒಬ್ಬ ಹುಡುಗಿ ಹೊರಗೆ ಬಂದದ್ದನ್ನು ನೋಡಿದ್ದೆ. ತೋಳಿನ ಹೊಲಿಗೆ ಬಿಚ್ಚಿತ್ತು, ಕೂದಲು ಕೆದರಿತ್ತು. ಏನಾಯಿತು ಎಂದು ಕೇಳಿದೆ. ಅವಳ ಹಿಂದಿನಿಂದ ಸಸ್ಯಶಾಸ್ತ್ರದವರು ಬಂದು "ಕಾಲ್ ಜಾರಿ ಬಿದ್ದಾಳ್ರಿ ಮೇಡಂ, ಮೊಳಿ ತಾಕ್ಯದ" ಎಂದರು. ಬಾಗಿಲ ಮೊಳೆ. ನಾನು ತಲೆಯಾಡಿಸಿ ಪರೀಕ್ಷೆಗೆ ಹೋದೆ. ಮರುದಿನ, ಬಿ.ಎಸ್ಸಿ.ಯವರಿಗೂ ನಾನೇ ಕಲಿಸುತ್ತಿದ್ದ ಸಂವಿಧಾನದ ತರಗತಿಯಲ್ಲಿ, ಆ ಪೂಜಾ ಪಾಠ ಮುಗಿಯುವ ತನಕ ನನ್ನನ್ನೇ ನೋಡುತ್ತಿದ್ದಳು. ನಾನು ಹಲಗೆಯ ಕಡೆ ತಿರುಗಿ ಬರೆಯುತ್ತಲೇ ಇದ್ದೆ. ಅವತ್ತು ಬರೆದಷ್ಟು ಹಲಗೆಯ ಮೇಲೆ ಎಂದೂ ಬರೆದಿಲ್ಲ.

ಪೂಜಾ ತನ್ನ ಗೆಳತಿಯರಿಗೆ ಹೇಳಿದ್ದಳು, ಅವರು ಮುಂದಿನವರಿಗೆ. ನನ್ನ ಬಾಗಿಲಿಗೆ ಯಾರೂ ಬರದಿದ್ದುದು ರುಖಿಯಾಳ ಮೋಡಿಯಿಂದಲ್ಲ. ಅವಳು ಭಾಲ್ಕಿಗೆ ಕಾಲಿಡುವ ಮೊದಲೇ ಹುಡುಗಿಯರು ನನ್ನನ್ನು ಲೆಕ್ಕದಿಂದ ಬಿಟ್ಟಿದ್ದರು. ಇದು ಗೊತ್ತಾದ ಮೇಲಾದರೂ ಹೊಟ್ಟೆಕಿಚ್ಚು ಹೋಗಬೇಕಿತ್ತು. ಹೋಗಲಿಲ್ಲ. ಅಂಗಳದಲ್ಲಿ ಆ ಹುಡುಗಿ ರುಖಿಯಾಳ ಹೆಗಲಿಗೆ ತಲೆಯಿಟ್ಟು ಅಳುತ್ತಿದ್ದಾಗ, ಕುರ್ಚಿಯ ಮೇಲೆ ಚಹಾ ಕಪ್ಪು ಹಿಡಿದು ಕೂತಿದ್ದ ನನಗೆ ನಾಚಿಕೆ, ಹೊಟ್ಟೆಕಿಚ್ಚು ಎರಡೂ ಒಟ್ಟಿಗೇ ಆದವು.

"ಇನ್ನ ಹ್ಯಾಂಗ ಮಾಡ್ಬೇಕಂತ ನೀನೇ ಹೇಳು, ಅಶ್ವಿನಿ" ಎಂದೆ. ಹುಡುಗಿಗೆ ಏನು ಬೇಕೆಂದು ನಾನು ಕೇಳಿದ್ದು ಅದೇ ಮೊದಲು.

"ನಾ ಪರೀಕ್ಷಿ ಕೊಡ್ತೇನಿ. ಅಂವ ಅಲ್ಲಿರಬಾರ್ದು" ಎಂದಳು.

ಸೋಮವಾರ ಡ್ರಾದಿಂದ ಕಾಗದ ತೆಗೆದೆ. ಅದು ಕೈಗೆ ಬಂದ ನಿಜವಾದ ತಾರೀಖು ಹಾಕಿ, ಇಷ್ಟು ದಿನ ತಡಮಾಡಿದ್ದು ನನ್ನ ತಪ್ಪು ಎಂದು ಬರೆದು ನೋಂದಾಯಿಸಿದೆ. ಪೂಜಾಳ ವಿಷಯದಲ್ಲಿ ನಾನೇ ಸಾಕ್ಷಿಯಾದ್ದರಿಂದ ಈ ವಿಚಾರಣೆಗೆ ಅಧ್ಯಕ್ಷೆಯಾಗಿ ಇರಲಾರೆ, ಬೀದರಿನ ಕಾಲೇಜಿನ ಹಿರಿಯ ಮೇಡಂ ಬರಲಿ ಎಂದು ಆಡಳಿತ ಮಂಡಳಿಗೆ ಬರೆದೆ. ಪ್ರಾಚಾರ್ಯರು ಕಾಗದ ಓದಿ ಕನ್ನಡಕ ತೆಗೆದರು.

"ಇಷ್ಟ ವರ್ಷ ಸೊನ್ನಿ ಇತ್ತಲ್ರಿ ಮೇಡಂ."

"ಸೊನ್ನಿ ಸುಳ್ಳಿತ್ರಿ ಸರ್. ನಾನೇ ಬರದಿದ್ದೆ."

ವಿಚಾರಣೆ ಮುಗಿಯುವ ತನಕ ಆ ಉಪನ್ಯಾಸಕರು ಕಾಲೇಜಿಗೆ ಬರಬಾರದೆಂದು ಆದೇಶವಾಯಿತು. ಅವರು ಒಂದು ಸಂಜೆ ನನ್ನ ಮನೆಗೇ ಬಂದರು. "ನಾವು ಒಂದೇ ಸ್ಟಾಫ್ ರೂಮಿನವರು. ಒಂದು ಹಳ್ಳಿ ಹುಡ್ಗಿ ಸಲುವಾಗಿ ಹಿಂಗ ಮಾಡ್ಬಾರ್ದ್ರಿ ಅಕ್ಕ" ಎಂದರು. ಅಲ್ಲಿಯತನಕ ಎಂದೂ ನನ್ನನ್ನು ಅಕ್ಕ ಎಂದಿರಲಿಲ್ಲ. ನಾನು ಬಾಗಿಲಲ್ಲೇ ನಿಂತು ಮಾತಾಡಿ ಕಳಿಸಿದೆ.

ಅದೇ ವಾರ ರುಖಿಯಾ ಒಂದು ಉಪಾಯ ಹೇಳಿದಳು. ಪ್ರತಿ ತರಗತಿಯ ಹುಡುಗಿಯರನ್ನು ಕೂಡಿಸಿ ಎಲ್ಲರಿಗೂ ಒಂದೊಂದು ಚೀಟಿ ಕೊಡಬೇಕು. ಎಲ್ಲರೂ ಏನಾದರೂ ಬರೆಯಲೇಬೇಕು, ಹೇಳುವುದಿಲ್ಲದವರು ತಮಗೆ ಇಷ್ಟವಾದ ಅಡುಗೆಯ ಹೆಸರು ಬರೆಯಬೇಕು. ಹೆಸರು ಬೇಡ. ಎಲ್ಲರ ಪೆನ್ನೂ ಆಡುತ್ತಿದ್ದರೆ ಯಾರು ಏನು ಬರೆದರೆಂದು ಪಕ್ಕದವಳಿಗೂ ತಿಳಿಯುವುದಿಲ್ಲ. ಎಷ್ಟು ಸರಳ! ಇಷ್ಟು ವರ್ಷ ನನಗೇಕೆ ಹೊಳೆಯಲಿಲ್ಲ ಎಂದು ಆಗಲೂ ಒಳಗೆ ಉರಿಯಿತು.

ಚೀಟಿಗಳನ್ನು ನಾವಿಬ್ಬರೂ ಕೂತು ಬಿಚ್ಚಿದೆವು. ನಾಲ್ಕಾರು ಬದನೆಕಾಯಿ ಪಲ್ಯ, ಒಂದಿಷ್ಟು ಬಿರಿಯಾನಿ. ಉಳಿದವನ್ನು ಓದುತ್ತ ಹೋದಂತೆ ನನ್ನ ಕೈ ನಿಧಾನವಾಯಿತು. ಬರೀ ಆ ಒಬ್ಬ ಮನುಷ್ಯನ ಮಾತಲ್ಲ. ಬಸ್ಸಿನ ಹಿಂದಿನ ಸೀಟು, ಸೈಕಲ್ ನಿಲ್ಲಿಸುವ ಮೂಲೆ, ಕೈ ಹಿಡಿದೆಳೆದ ಸೀನಿಯರ್, ಸ್ನೇಹಿತನೆಂದು ನಂಬಿ ಹೋದಾಗ ಬೇಡವೆಂದರೂ ಬಿಡದವನು, ಫೋಟೋ ಇದೆ ಎಂದು ಹೆದರಿಸುತ್ತಿರುವವನು. ಹೊರಗಿನ ಅಪರಿಚಿತರಿಗಿಂತ ಪರಿಚಿತರೇ ಹೆಚ್ಚು. ಒಂದು ಚೀಟಿಯಲ್ಲಿ "ಯಾರಿಗೂ ಹೇಳಿಲ್ಲ" ಎಂದಷ್ಟೇ ಇತ್ತು. ನಾನು ಸೊನ್ನೆ ಎಂದು ಬರೆದು ಸಹಿ ಮಾಡಿದ ವರ್ಷಗಳಲ್ಲೂ ಇವೆಲ್ಲ ಇದ್ದೇ ಇದ್ದವು.

ವಿಚಾರಣೆಗೆ ಪೂಜಾ ಬಂದಳು. ಗಂಡನ ಊರಿನಲ್ಲಿದ್ದ ಅವಳಿಗೆ ಫೋನ್ ಮಾಡಿ ಒಪ್ಪಿಸಿದವಳೂ ರುಖಿಯಾ. ಪೂಜಾ ತನ್ನ ಮಾತು ಮುಗಿಸಿ ನನ್ನ ಕಡೆ ಕೈ ತೋರಿಸಿ "ಇವರು ನೋಡ್ಯಾರ್ರಿ" ಎಂದಳು. ನಾನು ಎದ್ದು ನಿಂತು, ಹೌದು, ನೋಡಿದ್ದೆ, ನೋಡಿಯೂ ಸುಮ್ಮನಿದ್ದೆ ಎಂದು ಹೇಳಿ ಬರೆದುಕೊಟ್ಟೆ. ಹೊರಗೆ ಬಂದು ಬೆಂಚಿನ ಮೇಲೆ ಕೂತೆ. ವರಾಂಡಾದಲ್ಲಿ ಹುಡುಗಿಯರೆಲ್ಲ ರುಖಿಯಾಳ ಸುತ್ತ ನಿಂತಿದ್ದರು. ಅವಳು ನನ್ನನ್ನು ನೋಡಿ ಅವರ ನಡುವಿನಿಂದ ಬಂದು ನೀರಿನ ಬಾಟಲಿ ಕೊಟ್ಟಳು. ಕುಡಿದೆ. ಒಬ್ಬ ಹುಡುಗಿಯೂ ನನ್ನ ಹತ್ತಿರ ಬರಲಿಲ್ಲ, ಬರಬೇಕಾದ ಕಾರಣವೂ ಇರಲಿಲ್ಲ.

ಆ ಉಪನ್ಯಾಸಕರನ್ನು ಸಂಸ್ಥೆ ಕೆಲಸದಿಂದ ತೆಗೆಯಿತು. ಅಶ್ವಿನಿ ತಾನೇ ಯೋಚಿಸಿ, ತಂದೆ ತಾಯಿಯ ಜೊತೆ ಮಾತಾಡಿ, ಪೊಲೀಸರಿಗೂ ದೂರು ಕೊಟ್ಟಳು. ಕೋರ್ಟಿನಲ್ಲಿ ಇನ್ನೂ ನಡೆದಿದೆ, ಕರೆದಾಗ ಹೋಗುತ್ತಾಳೆ, ನಾನೂ ಹೋಗುತ್ತೇನೆ. ಬೇರೆ ಪರೀಕ್ಷಕರ ಎದುರು ಪ್ರಾಯೋಗಿಕ ಪರೀಕ್ಷೆ ಬರೆದು ಪದವಿ ಮುಗಿಸಿದಳು. ಈಗ ಬೀದರಿನಲ್ಲಿ ರಕ್ತ ಪರೀಕ್ಷೆಯ ಲ್ಯಾಬೊಂದರಲ್ಲಿ ಕೆಲಸ ಮಾಡುತ್ತಾಳೆ.

ಮರುವರ್ಷ ಜೂನ್‌ನಲ್ಲಿ ಅತಿಥಿ ಉಪನ್ಯಾಸಕರ ಪಟ್ಟಿ ಬಂತು. ರುಖಿಯಾಳ ಹೆಸರು ಇರಲಿಲ್ಲ. ಕನ್ನಡಕ್ಕೆ ಕಾರ್ಯಭಾರ ಕಡಿಮೆಯಾಗಿದೆ ಎಂದು ಪ್ರಾಚಾರ್ಯರು ಹೇಳಿದರು. ವೇಳಾಪಟ್ಟಿ ಮಾಡುವವಳು ನಾನು, ಕಡಿಮೆಯಾಗಿಲ್ಲವೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಒಂದು ಮಾತು ಸಾಕಿತ್ತು. ಆಡಲಿಲ್ಲ. ಆ ವರ್ಷ ಗ್ರಂಥಾಲಯದ ಕಪಾಟಿನ ಹಿಂದೆ ಯಾರೂ ಇರಲಿಲ್ಲ, ನನಗೆ ಒಳಗೊಳಗೇ ಹಗುರವಾಗಿತ್ತು. ಈಗಲಾದರೂ ಹುಡುಗಿಯರು ನನ್ನ ಹತ್ತಿರ ಬರುತ್ತಾರೆಂದು ಕಾದೆ. ಅವಳ ರೀತಿಯನ್ನೂ ಕಲಿಯಲು ನೋಡಿದೆ. ಒಮ್ಮೆ ಜೀನಾದ ಮೇಲೆ ಒಬ್ಬಳೇ ಕೂತಿದ್ದ ಹುಡುಗಿಯ ಪಕ್ಕದಲ್ಲಿ ಕೂತು "ಉಂಡಿ ಏನವ್ವಾ?" ಎಂದೆ. ಅವಳು ಗಾಬರಿಯಾಗಿ ಎದ್ದು ನಿಂತು "ಹೋಂವರ್ಕ್ ನಾಳಿ ಖಂಡಿತ ತರ್ತೇನ್ರಿ ಮೇಡಂ" ಎಂದಳು. ಆಮೇಲೆ ಗೊತ್ತಾಯಿತು, ಕಷ್ಟ ಬಂದರೆ ಅವರೆಲ್ಲ ಚಿದ್ರಿಗೆ ಫೋನ್ ಮಾಡುತ್ತಿದ್ದರು.

ಕೊನೆಯ ನಾಲ್ಕು ವರ್ಷ ಬೀದರಿನಲ್ಲಿದ್ದೆ. ಅಲ್ಲೂ ಸಮಿತಿ ನನಗೇ ಬಂತು. ಭಾಲ್ಕಿಯಲ್ಲಿ ಕಲಿತದ್ದನ್ನೆಲ್ಲ ಅಲ್ಲಿ ಮಾಡಿಸಿದೆ. ಪ್ರಯೋಗಾಲಯದ ಯಾವ ಒಳಕೋಣೆಗೂ ಒಳಗಿನಿಂದ ಚಿಲಕ ಇರಬಾರದು. ಜರ್ನಲ್‌ಗೆ ಸಹಿ ಹಾಕುವುದು ತರಗತಿಯಲ್ಲೇ, ಎಲ್ಲರ ಮುಂದೆ. ಆಂತರಿಕ ಅಂಕಗಳು ಒಬ್ಬರ ಕೈಯಲ್ಲೇ ಇರಬಾರದು, ಇಬ್ಬರು ನೋಡಬೇಕು. ಚೀಟಿ ವರ್ಷಕ್ಕೆ ಎರಡು ಸಲ. ದೂರು ಕೊಟ್ಟವಳ ಹೆಸರು ಪ್ರಾಚಾರ್ಯರು ಕೇಳಿದರೂ ಹೇಳಬಾರದು. ಹುಡುಗರನ್ನೂ ಕೂಡಿಸಿ ಮಾತಾಡಿದೆ. ಬೇಡ ಎಂದರೆ ಬೇಡ ಎಂದೇ ಅರ್ಥ, ಸುಮ್ಮನಿದ್ದರೆ ಒಪ್ಪಿಗೆಯಲ್ಲ, ಪಕ್ಕದವನು ತಪ್ಪು ಮಾಡುತ್ತಿದ್ದರೆ ಎದ್ದು ತಡೆಯಬೇಕು ಎಂದು ಹೇಳಿದೆ. ಮೊದಲ ವರ್ಷ ನಕ್ಕರು, ಮೂರನೆಯ ವರ್ಷ ಪ್ರಶ್ನೆ ಕೇಳಿದರು. ಸಂಸ್ಥೆ ಇದಕ್ಕೆಲ್ಲ ನನ್ನನ್ನು ವೇದಿಕೆಗೆ ಕರೆದು ಸನ್ಮಾನಿಸಿತು. ಶಾಲು ಹೊದಿಸುವಾಗ ಇದರಲ್ಲಿ ಅರ್ಧಕ್ಕಿಂತ ಹೆಚ್ಚು ರುಖಿಯಾಳದು ಎಂದು ಹೇಳಬೇಕೆನ್ನಿಸಿತು. ಧನ್ಯವಾದ ಎಂದಷ್ಟೇ ಹೇಳಿ ಕೂತೆ.

ಸಮಿತಿಯಲ್ಲಿ ಕಾಲೇಜಿಗೆ ಸಂಬಂಧವಿಲ್ಲದ ಹೊರಗಿನ ಸದಸ್ಯರೊಬ್ಬರು ಇರಬೇಕು. ಆ ಜಾಗ ಖಾಲಿಯಾದಾಗ ಹೆಸರು ಸೂಚಿಸಬೇಕಾದವಳು ನಾನು. ಎರಡು ತಿಂಗಳು ಬೇರೆ ಬೇರೆ ಹೆಸರು ಯೋಚಿಸಿದೆ. ಆಮೇಲೆ ಒಂದು ಬೆಳಿಗ್ಗೆ ಆಟೋ ಹತ್ತಿ ಚಿದ್ರಿಗೆ ಹೋದೆ.

ರುಖಿಯಾ ಒಂದು ಖಾಸಗಿ ಹೈಸ್ಕೂಲಿನಲ್ಲಿ ಕಲಿಸುತ್ತಿದ್ದಳು. ಆವತ್ತು ಅವಳಿಗೆ ರಜೆ. ಬಾಗಿಲು ತೆರೆದು "ಬರ್ರಿ ಮೇಡಂ" ಎಂದಳು. ಕೂತೆ. ಬಂದ ಕೆಲಸ ಹೇಳುವ ಮೊದಲು ಹಳೆಯದನ್ನು ಹೇಳದೆ ಇರಲಾಗಲಿಲ್ಲ.

"ಆ ವರ್ಷ ನಾ ಬಾಯಿ ಬಿಟ್ಟಿದ್ರ ನಿನ್ನ ನೌಕರಿ ಉಳೀತಿತ್ತು, ರುಖಿಯಾ."

"ಗೊತ್ತದ್ರಿ."

"ನಾ ಬೇಕಂತೇ ಸುಮ್ನಿದ್ದೆ."

"ಅದೂ ಗೊತ್ತದ್ರಿ ಮೇಡಂ."

"ಸಿಟ್ಟಿಲ್ಲೇನು?"

"ಅದ ರಿ. ಭಾಳ ಅದ. ಚಹಾ ಕುಡೀರಿ, ಆರ್ಲತ್ತದ."

ಬಂದ ಕಾರಣ ಹೇಳಿದೆ. ಅವಳು ಯೋಚಿಸಿ, ಬರುತ್ತೇನೆ, ಆದರೆ ಗುರುವಾರ ಸಾಲಿ ಬಿಟ್ಟ ಮೇಲೆ ಎಂದಳು. ಪ್ರಾಚಾರ್ಯರ ಕೋಣೆ ದಾಟಿ ಬರಬೇಕಾಗದ ಒಂದು ಕೋಣೆ ಬೇಕು ಎಂದಳು. "ಮತ್ತ ಹುಡ್ಗೇರು ನನಗ ಏನ್ ಹೇಳ್ಯಾರಂತ ನೀವು ಕೇಳ್ಬಾರ್ದ್ರಿ. ಅವ್ರು ಹೂಂ ಅಂದ್ರ ನಾನೇ ಹೇಳ್ತೇನಿ" ಎಂದಳು. ಮೂರಕ್ಕೂ ಒಪ್ಪಿದೆ. ಮೂರನೆಯದಕ್ಕೆ ಹೂಂ ಎನ್ನುವ ಮೊದಲು ಚಹಾ ಕುಡಿದು ಮುಗಿಸಿದೆ.

ಅವಳು ಬರತೊಡಗಿದ ಮೂರನೆಯ ಗುರುವಾರದಿಂದ ಆ ಕೋಣೆಯ ಮುಂದೆ ಚಪ್ಪಲಿಗಳು ಕಾಣತೊಡಗಿದವು. ನಾನು ನನ್ನ ಕೋಣೆಯ ಕಿಟಕಿಯಿಂದ ನೋಡುತ್ತಿದ್ದೆ.

ನಿವೃತ್ತಿಗೆ ಇಪ್ಪತ್ತು ದಿನ ಉಳಿದಿದ್ದಾಗ, ಒಂದು ಮಂಗಳವಾರ ಮಧ್ಯಾಹ್ನ, ಒಬ್ಬ ಹುಡುಗಿ ನನ್ನ ಕೋಣೆಯ ಬಾಗಿಲಲ್ಲಿ ಬಂದು ನಿಂತಳು. ಬಿ.ಕಾಂ. ಮೊದಲ ವರ್ಷ, ಔರಾದ ತಾಲೂಕಿನಿಂದ ಬಂದು ಹಾಸ್ಟೆಲಿನಲ್ಲಿದ್ದವಳು. ಕಣ್ಣು ಊದಿದ್ದವು, ಕುತ್ತಿಗೆಯ ಮೇಲೆ ಉಗುರಿನ ಗೀರು ಇತ್ತು.

"ರುಖಿಯಾ ಮೇಡಂ ಇಲ್ಲೇನ್ರಿ?"

"ಅಕಿ ಗುರುವಾರ ಬರ್ತಾಳ" ಎಂದೆ. ಹುಡುಗಿ ತಿರುಗಿದಳು. ನಾನಿದ್ದೀನಲ್ಲ, ನನಗೆ ಹೇಳು ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಮೂವತ್ತು ವರ್ಷ ಆಡಬೇಕೆಂದು ಕಾದ ಮಾತು. ಆದರೆ ಅವಳು ಕೇಳಿಕೊಂಡು ಬಂದದ್ದು ನನ್ನನ್ನಲ್ಲ.

"ನಿಂದ್ರವ್ವಾ" ಎಂದೆ. ರುಖಿಯಾಳ ಸಾಲೆಗೆ ಫೋನ್ ಹಚ್ಚಿ, ತರಗತಿಯಿಂದ ಅವಳನ್ನು ಕರೆಸಿ, ಫೋನನ್ನು ಹುಡುಗಿಯ ಕೈಗೆ ಕೊಟ್ಟೆ. ನನ್ನ ಕುರ್ಚಿಯ ಮೇಲೆ ಕೂರಿಸಿ, ಬಾಗಿಲು ಮುಂದೆ ಮಾಡಿ, ಹೊರಗೆ ಸ್ಟೂಲ್ ಹಾಕಿಕೊಂಡು ಕೂತೆ. ಪ್ರಾಚಾರ್ಯರು ಯಾವುದೋ ಸಹಿಗೆ ಬಂದರು, ಆಮೇಲೆ ಬನ್ನಿ ಎಂದು ಕಳಿಸಿದೆ. ಗಂಟೆ ಹೊಡೆಯಿತು, ನನ್ನ ತರಗತಿ ಇತ್ತು, ಹೋಗಲಿಲ್ಲ.

ಒಳಗೆ ಬಹಳ ಹೊತ್ತು ಬರೀ ಅಳುವ ಸದ್ದು. ಆಮೇಲೆ ಮೆಲ್ಲಗೆ ಮಾತು. ನಡುವೆ ರುಖಿಯಾ ಅದೇನು ಹೇಳಿದಳೋ, ಆ ಹುಡುಗಿ ಮೂಗು ಎಳೆಯುತ್ತಲೇ ಒಮ್ಮೆ ನಕ್ಕಳು. ಆ ದೂರು ಬಂತು, ವಿಚಾರಣೆಯಾಯಿತು, ಆ ಹುಡುಗಿ ಈಗ ಎರಡನೆಯ ವರ್ಷದಲ್ಲಿ ಓದುತ್ತಿದ್ದಾಳೆ. ಆದರೆ ಅವತ್ತು ಏನು ಹೇಳಿ ನಗಿಸಿದಿ ಎಂದು ರುಖಿಯಾಳನ್ನು ಕೇಳಬೇಕೆಂದು ಎಷ್ಟೋ ಸಲ ಫೋನ್ ಎತ್ತಿದ್ದೇನೆ. ಇವತ್ತಿನವರೆಗೂ ಕೇಳಿಲ್ಲ.